ತೆಗೆದುಕೊಂಡವರೇ ತಂದುಕೊಡಬೇಕು

ನಾನು ಓದಿದ್ದು ಮೂರನೇ ಕ್ಲಾಸು. ಕೆಲಸ ಮಾಡಿದ್ದು ಪುಸ್ತಕಗಳ ನಡುವೆ, ಮೂವತ್ತನಾಲ್ಕು ವರ್ಷ. ಇದರಲ್ಲಿ ಆಶ್ಚರ್ಯಪಡುವಂಥದ್ದು ಏನಿಲ್ಲ. ಆಸ್ಪತ್ರೆ ಗುಡಿಸುವವರು ಡಾಕ್ಟರಿಕೆ ಕಲಿತಿರುವುದಿಲ್ಲ, ಆದರೆ ಯಾವ ಡಾಕ್ಟರು ಹೇಗೆ ಎಂದು ಅವರಿಗೆ ಗೊತ್ತಿರುತ್ತದೆ.

ತಲ್ಲೂರಿಗೂ ಹೆಮ್ಮಾಡಿಗೂ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಯುವಕ ಮಂಡಲದವರು ನಡೆಸುವ ವಾಚನಾಲಯ ನಮ್ಮದು. ಮಂಡಲದ ಯುವಕರಿಗೆಲ್ಲ ಈಗ ಎಪ್ಪತ್ತು ದಾಟಿದೆ. ನಾನು ಬಿಟ್ಟ ಜಾಗದಲ್ಲಿ ಶೈಲಜ ಇದ್ದಾಳೆ, ಅವಳ ಜೊತೆಗೆ ಇನ್ನೊಬ್ಬಳು ಬರುವವಳಿದ್ದಾಳೆ. "ಗುಲಾಬಕ್ಕ, ನೀವ್ ಹ್ಯಾಂಗ್ ಮಾಡ್ತಿದ್ರಿ ಅಂದೇಳಿ ಬರ್ದ್ ಕೊಡಿ, ನಮ್ಗೆ ಉಪಕಾರ ಆತ್ತ್" ಎಂದಳು. ಬರೆದಿದ್ದೇನೆ. ಒತ್ತು, ದೀರ್ಘ ತಿದ್ದಿಕೋ, ಮಾತು ತಿದ್ದಬೇಡ ಎಂದು ಹೇಳಿದ್ದೇನೆ.

ಬಡ್ತಿಯ ವಿಷಯ ಕೇಳಬೇಡಿ. ಗುಡಿಸುವವಳಾಗಿ ಸೇರಿದೆ, ಗುಡಿಸುವವಳಾಗಿ ಬಿಟ್ಟೆ. ನಡುವೆ ಒಮ್ಮೆ ಬೀಗದ ಕೈ ಕೊಟ್ಟರು, ಅಷ್ಟೆ.

ಮೊದಲು ನನ್ನ ತಪ್ಪುಗಳನ್ನು ಹೇಳುತ್ತೇನೆ. ಸೇರಿದ ಎರಡನೇ ವರ್ಷ ಕಪಾಟಿಗೆ ಗೆದ್ದಲು ಬಂತು. ನನ್ನ ಅಪ್ಪ ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದನ್ನು ನೋಡಿದ್ದೆ. ಅದು ಬಳಿದ ಮರಕ್ಕೆ ಹುಳ ಬರುವುದಿಲ್ಲ. ಯಾರನ್ನೂ ಕೇಳದೆ ಒಂದು ಡಬ್ಬ ತಂದು ಆರು ಕಪಾಟಿಗೂ ಬಳಿದೆ. ಗೆದ್ದಲು ಹೋಯಿತು. ಓದುವವರ ಕೈಯೆಲ್ಲ ಬೊಬ್ಬೆ ಎದ್ದಿತು. ಆಗ ವಾಚನಾಲಯ ನೋಡಿಕೊಳ್ಳುತ್ತಿದ್ದವರು ಶಾಲೆಯಿಂದ ನಿವೃತ್ತರಾದ ಒಬ್ಬ ಮಾಷ್ಟ್ರು. ಹತ್ತು ದಿನ ಅವರಿಗೆ ಪೆನ್ನು ಹಿಡಿಯಲು ಆಗಲಿಲ್ಲ. ಅವರು ಬೈಯಲಿಲ್ಲ. ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು, "ಗುಲಾಬಿ, ಪುಸ್ತಕ ತೇಲಿ ಹೋತ್ತ್ ಅಂದೇಳಿ ಮಾಡ್ದದ್ದಾ?" ಎಂದು ಕೇಳಿದರು.

ಮಾಷ್ಟ್ರು ಒಳ್ಳೆಯವರು, ಆದರೆ ನಿಯಮದ ಮನುಷ್ಯ. ಅವರದ್ದು ಒಂದು ನಿಯಮ ಎಲ್ಲಕ್ಕಿಂತ ದೊಡ್ಡದು. ಅದಕ್ಕೆ ಕಾರಣವಿತ್ತು. ಹಿಂದೆ ಜನ ಪುಸ್ತಕವನ್ನು ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳುಹಿಸುತ್ತಿದ್ದರು. ಹಾಗೆ ಕಳುಹಿಸಿದ ಒಂದು ಪುಸ್ತಕವನ್ನು ಕಂಡಕ್ಟರ್ ತಾನೇ ಓದಿ, ಬೈಂದೂರಿನ ತನ್ನ ಹೆಂಡತಿಗೆ ಕೊಟ್ಟು, ಅವಳು ಅದನ್ನು ತವರಿಗೆ ಕೊಟ್ಟು, ಎರಡು ವರ್ಷ ಕಳೆದು ಅದು ವಾಪಸು ಬಂತು. ಆವತ್ತು ಮಾಷ್ಟ್ರು ಒಂದು ಹಲಗೆಗೆ ಬಣ್ಣದಲ್ಲಿ ಬರೆದು ಬಾಗಿಲ ಮೇಲೆ ಹೊಡೆದರು: "ಪುಸ್ತಕ ತೆಗೆದುಕೊಂಡವರೇ ತಂದುಕೊಡಬೇಕು."

ಮಕ್ಕಳ ಕೈಯಲ್ಲಿ ಕಳುಹಿಸಿದರೆ ಇಲ್ಲ, ಹೆಂಡತಿಯ ಕೈಯಲ್ಲೂ ಇಲ್ಲ. ಒಮ್ಮೆ ಜ್ವರ ನೆತ್ತಿಗೇರಿದ ಒಬ್ಬರನ್ನು ಕುಂದಾಪುರದ ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲಿ ರಿಕ್ಷಾ ನಮ್ಮ ಬಾಗಿಲಲ್ಲಿ ನಿಂತಿತು. ಮಾಷ್ಟ್ರು ಹೊರಗೆ ಹೋಗಿ ಅವರ ತೊಡೆಯ ಮೇಲಿದ್ದ ಪುಸ್ತಕ ತೆಗೆದುಕೊಂಡು, ಪುಟಗಳನ್ನು ಎಣಿಸಿ, "ಸರಿ, ಹ್ವಾಯ್ನಿ" ಎಂದು ಕಳುಹಿಸಿದರು. ಆ ಮನುಷ್ಯ ಬದುಕಿದರು. ಆಮೇಲೂ ಪುಸ್ತಕ ತೆಗೆದುಕೊಂಡರು.

ನನ್ನ ಕೆಲಸ ಏನೆಂದರೆ, ಗುಡಿಸುವುದು, ಹರಿದ ಪುಸ್ತಕ ಹೊಲಿಯುವುದು, ಕಾರ್ಡಿಗೆ ಮೊಹರು ಹಾಕುವುದು. ಪುಸ್ತಕ ಕೊಟ್ಟರೆ ಹದಿನೈದು ದಿನ. ಓದಿ ಮುಗಿಯದಿದ್ದರೆ ಕಾರ್ಡು ತಂದರೆ ಸಾಕು, ಇನ್ನೊಂದು ಮೊಹರು, ಇನ್ನು ಹದಿನೈದು ದಿನ. ನಮ್ಮಲ್ಲಿ ದಂಡ ಎನ್ನುವುದು ಇರಲಿಲ್ಲ. ಪುಸ್ತಕದ ಹೆಸರು ಓದಲು ನನಗೆ ಹೊತ್ತು ಹಿಡಿಯುತ್ತದೆ. ಹಾಗಾಗಿ ಹೊಲಿಯುವಾಗ ಬೆನ್ನಿಗೆ ಹಳೆ ಸೀರೆಯ ಬಟ್ಟೆ ಅಂಟಿಸುತ್ತಿದ್ದೆ. ದೇವರ ಪುಸ್ತಕಕ್ಕೆ ಕೆಂಪು, ಸಂಸಾರದ ಕತೆಗೆ ಹಸಿರು, ಪತ್ತೇದಾರಿಗೆ ನನ್ನ ಅತ್ತೆಯ ನೀಲಿ ಸೀರೆ. ದೂರದಿಂದಲೇ ಗೊತ್ತಾಗುತ್ತಿತ್ತು. ಈ ಉಪಾಯವನ್ನು ನೀವೂ ಮಾಡಬಹುದು, ಆದರೆ ಅದರಿಂದ ಕೆಲವೊಮ್ಮೆ ನೋಡಬಾರದ್ದೂ ಕಾಣುತ್ತದೆ.

ನೀಲಿ ಪುಸ್ತಕ ಬಿಟ್ಟು ಬೇರೆ ಓದದವನು ಗೋವಿಂದ. ಬೋಟಿನಲ್ಲಿ ಕೆಲಸ. ಕಡಲಿಗೆ ಹೋಗದ ದಿನ ಬಂದು ಕಪಾಟಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಆರಿಸುತ್ತಿದ್ದ. ಕೊನೆಯ ಸಲ ಅವನು ತೆಗೆದುಕೊಂಡ ಪುಸ್ತಕಕ್ಕೆ ಮೊದಲಿನ ಹದಿನಾರು ಪುಟ ಇರಲಿಲ್ಲ. ಅದನ್ನು ಮೊದಲೂ ಒಮ್ಮೆ ಓದಿದ್ದ.

"ಇದ್ರಂಗೆ ಕೊಂದದ್ದ್ ಯಾರ್ ಅಂದೇಳಿ ಗೊತ್ತಾತ್ತ್ ಗುಲಾಬಕ್ಕ. ಸತ್ತದ್ದ್ ಯಾರ್ ಅಂದೇಳಿ ಗೊತ್ತಾತಿಲ್ಲೆ" ಎಂದ.

"ಮತ್ತೆ ಎಂತಕ್ಕೆ ತಕಂತೆ?"

"ಸತ್ತವ್ನ್ ಯಾರಾರೆ ಎಂತ, ನಂಗೇನ್ ನೆಂಟ್ನಾ" ಎಂದು ಕಾರ್ಡು ಮುಂದೆ ಇಟ್ಟ. ಮೊಹರು ಹಾಕಿದೆ.

ಅದಾಗಿ ಒಂದು ವಾರಕ್ಕೆ, ಮಳೆಗಾಲಕ್ಕೆ ಬೋಟು ದಡ ಹತ್ತಿಸುವ ಮೊದಲು, ಅವರ ಬೋಟು ಮಗುಚಿತು. ಇಬ್ಬರ ಹೆಣ ಸಿಕ್ಕಿತು. ಗೋವಿಂದನದು ಸಿಗಲಿಲ್ಲ.

ಹದಿನೈದು ದಿನ ತುಂಬಿದ ಸೋಮವಾರ ಅವನ ಹೆಂಡತಿ ಕಾವೇರಿ ಬಂದಳು. ಮೀನು ಮಾರಿ ಬರುವವಳು, ಬುಟ್ಟಿಯನ್ನು ಹೊರಗೇ ಇಟ್ಟು, ಕೈ ಸೆರಗಿಗೆ ಒರೆಸಿಕೊಂಡು ಕಾರ್ಡು ಚಾಚಿದಳು.

"ಪುಸ್ತಕ ಅವ್ರ ಹತ್ರವೇ ಇತ್ತ್. ಬೋಟಂಗೆ ಓದುಕೆ ಅಂದೇಳಿ ತಕಂಡ್ ಹೋಯಿರ್. ಮುಂದ್ ಹಾಕಿ."

ನಾನು ಮಾಷ್ಟ್ರ ಮುಖ ನೋಡಿದೆ. ಇಂಥದ್ದಕ್ಕೆ ನಿಯಮ ಇತ್ತು. ಸದಸ್ಯರು ತೀರಿಕೊಂಡರೆ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಎಳೆಯಬೇಕು. ಮಾಷ್ಟ್ರು ಕೆಂಪು ಪೆನ್ನು ತೆಗೆದರು, ಟೊಪ್ಪಿ ಬಿಚ್ಚಿದರು, ಮತ್ತೆ ಹಾಕಿದರು. "ತಕಂಡವ್ರೇ ತಂದ್ ಕೊಡ್ಕ್. ನಿಯಮ ಅದ್. ಅಲ್ಲಿವರೆಗೆ ಮುಂದ್ ಹಾಕ್, ಗುಲಾಬಿ" ಎಂದರು. ಕಾವೇರಿ ತಲೆ ಎತ್ತಿ ಬಾಗಿಲ ಮೇಲಿನ ಹಲಗೆ ಓದಿದಳು. ಏಳನೇ ಕ್ಲಾಸು ಕಲಿತವಳು, ನನಗಿಂತ ಬೇಗ ಓದುತ್ತಾಳೆ.

ಅಲ್ಲಿಂದ ಸೋಮವಾರ ಬಿಟ್ಟು ಸೋಮವಾರ. ಬುಟ್ಟಿ ಹೊರಗೆ, ಕಾರ್ಡು ಮೇಜಿನ ಮೇಲೆ, ಮೊಹರು, ಹೋದಳು. ಕಾರ್ಡು ತುಂಬಿದರೆ ಹೊಸ ಕಾರ್ಡು ಅಂಟಿಸುತ್ತಿದ್ದೆ. ಮಾತೇನೂ ಇಲ್ಲ. ಬಂಗುಡೆ ಚೆನ್ನಾಗಿದ್ದರೆ ಹೇಳುತ್ತಿದ್ದಳು.

ಮೂರನೇ ವರ್ಷ ಮಳೆ ಹಿಡಿಯುವ ಮೊದಲು ಒಣಮೀನು ತರಲು ಅವಳ ಮನೆಗೆ ಹೋದೆ. ಚಾ ಕೊಟ್ಟಳು. ಕುಡಿಯುವಾಗ ಕತ್ತೆತ್ತಿದರೆ, ಬಾಗಿಲವಾಡದ ಮೇಲಿನ ಹಲಗೆಯಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಒಂದು ಪುಸ್ತಕ. ನೀಲಿ ಬೆನ್ನು. ನನ್ನ ಅತ್ತೆಯ ಸೀರೆ ನನಗೆ ಗೊತ್ತಾಗುವುದಿಲ್ಲವೆ. ಅದು ಬೋಟಿಗೆ ಹೋಗಿಯೇ ಇರಲಿಲ್ಲ. ಚಾ ಕುಡಿದು, ಒಣಮೀನು ಕಟ್ಟಿಸಿಕೊಂಡು ಬಂದೆ. ಮುಂದಿನ ಸೋಮವಾರ ಮೊಹರು ಹಾಕಿದೆ.

ಮಾಷ್ಟ್ರು ತೀರಿಕೊಂಡರು. ಹಲಗೆ ಉಳಿಯಿತು. ಅವರ ನಂತರ ಇಬ್ಬರು ಬಂದು ಹೋದರು, ಅವರ ಬಗ್ಗೆ ಬರೆಯುವಂಥದ್ದಿಲ್ಲ. ಒಬ್ಬರು ನಿದ್ದೆ ಮಾಡುತ್ತಿದ್ದರು, ಒಬ್ಬರು ಬರುತ್ತಲೇ ಇರಲಿಲ್ಲ.

ಆಮೇಲೆ ವಾರಿಜಮ್ಮ ಬರಲು ಶುರುಮಾಡಿದರು. ಬಸ್ರೂರಿನವರು. ಮುಂಬೈಯಲ್ಲಿ ಜಪಾನಿನವರ ಒಂದು ಕಂಪೆನಿಯ ಆಫೀಸಿನಲ್ಲಿ ವರ್ಷಗಟ್ಟಲೆ ಕಾಗದ ಟೈಪ್ ಮಾಡಿ, ಆ ಭಾಷೆಯನ್ನೂ ಕಲಿತು, ರಿಟೈರಾಗಿ ಊರಿಗೆ ಬಂದವರು. ಅಲ್ಲಿನ ಒಂದು ಈಗಿನ ಕಾದಂಬರಿಯನ್ನು ಕನ್ನಡಕ್ಕೆ ಮಾಡುತ್ತಿದ್ದರು. ಕಾದಂಬರಿ ಮುಗಿದಿತ್ತು. ಅದರ ಮುಂದೆ ಹಾಕಲು ಹಿನ್ನೆಲೆ ಎಂದು ಒಂದು ಇಪ್ಪತ್ತು ಪುಟ ಬರೆಯಬೇಕಿತ್ತು, ಅದು ಸಾಗುತ್ತಿರಲಿಲ್ಲ. ನಾನು ಹೊಲಿಯುತ್ತಿದ್ದರೆ ಎದುರು ಕೂತು ಕತೆಯನ್ನು ಗಟ್ಟಿಯಾಗಿ ಓದುತ್ತಿದ್ದರು.

ಕತೆ ಇಷ್ಟು. ಕಡಲ ಬದಿಯ ಒಂದು ಸಣ್ಣ ಊರು. ಆಚೆ ದಡಕ್ಕೆ ಹೋಗುವ ಲಾಂಚಿನ ಕಡವು. ಅಲ್ಲಿ ಟಿಕೇಟು ಹರಿದು ಕೊಡುವ ಒಬ್ಬ ಹೆಂಗಸು. ಆ ಊರಿನಲ್ಲಿ ಕಡಲಲ್ಲಿ ಹೋದವರು ಬಹಳ ಜನ, ಹೆಣ ಸಿಗದವರು. ಅವರು ಸಂಜೆಯ ಲಾಂಚಿಗೆ ಸಾಲಿನಲ್ಲಿ ಬಂದು ನಿಲ್ಲುತ್ತಾರೆ, ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಾ. ಹೆಂಗಸು ಅವರಿಗೂ ಟಿಕೇಟು ಹರಿದು ಕೊಡುತ್ತಾಳೆ. ಎಲ್ಲಿಗೆ ಎಂದು ಕೇಳುವುದಿಲ್ಲ. ಊರಿನವರು ಒದ್ದೆ ನೆಲ ಒರೆಸಿಕೊಂಡು ಮನೆಗೆ ಹೋಗುತ್ತಾರೆ. ಕೊನೆಗೆ ಒಂದು ದಿನ ಸಾಲಿನಲ್ಲಿ ಅವಳ ಗಂಡನೇ ನಿಂತಿರುತ್ತಾನೆ. ಅವನಿಗೂ ಹರಿದು ಕೊಡುತ್ತಾಳೆ. ಅಷ್ಟೆ.

"ಈ ನಮೂನೆಯ ಬರವಣಿಗೆಗೆ ಮಾಂತ್ರಿಕ ವಾಸ್ತವ ಅಂತ ಹೆಸರುಂಟು ಗುಲಾಬಿ" ಎಂದರು ವಾರಿಜಮ್ಮ.

"ಮಂತ್ರ ಎಲ್ಲಿತ್ತ್ ಇದ್ರಂಗೆ? ಟಿಕೇಟ್ ಹರ್ದ್ ಕೊಟ್ಳ್, ಅಲ್ದಾ."

"ಸತ್ತವ್ರಿಗೆ ಕೊಡ್ತಾಳಲ್ಲ ಮಾರಾಯ್ತಿ."

"ಸಾಲಂಗೆ ನಿಂತ್ರೆ ಕೊಡ್ದೆ ಎಂತ ಮಾಡುದ್?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಆಮೇಲೆ ಹಿನ್ನೆಲೆ ಹೇಳಿದರು. ಆ ದೇಶದಲ್ಲಿ ಭೂಮಿ ನಡುಗುವುದು, ಕಡಲು ಮೇಲೆ ಬರುವುದು ಹೊಸತಲ್ಲ. ಹೆಣ ಸಿಗದ ಮನೆಗಳು ಅಲ್ಲೂ ಇವೆ. ವರ್ಷಕ್ಕೊಮ್ಮೆ ಮೂರು ನಾಲ್ಕು ದಿನ ಸತ್ತವರು ಮನೆಗೆ ಬರುತ್ತಾರೆಂದು ನಂಬಿಕೆ. ಅವರು ಬೇಗ ಬರಲಿ ಎಂದು ಸೌತೆಕಾಯಿಗೆ ಕಡ್ಡಿಯ ಕಾಲು ಚುಚ್ಚಿ ಕುದುರೆ ಮಾಡಿ ಇಡುತ್ತಾರಂತೆ. ನಿಧಾನ ಹೋಗಲಿ ಎಂದು ಬದನೆಕಾಯಿಯ ದನ.

"ಆ ಬದ್ನಿಕಾಯ್ ಮತ್ತೆ ಪಲ್ಯ ಮಾಡ್ತ್ರ್ಯಾ?" ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಬರೆದುಕೊಂಡರು.

ನಮ್ಮಲ್ಲಿ ಕುದುರೆ ಇಲ್ಲ, ನಡೆದೇ ಬರುತ್ತಾರೆ ಎಂದೆ. ಎಲೆ ಬಡಿಸಿ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಇಟ್ಟು, ಬಾಗಿಲು ಎಳೆದು ನಾವೆಲ್ಲ ಹೊರಗೆ ಕೂರುತ್ತೇವೆ. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ತೆಗೆಯುವ ಮೊದಲು ಒಮ್ಮೆ ಕೆಮ್ಮಬೇಕು. ಉಣ್ಣುತ್ತಿರುವವರ ಮೇಲೆ ನುಗ್ಗಬಾರದು.

ಅಲ್ಲಿ ಈಗ ಬರುವ ಕಾದಂಬರಿಗಳಲ್ಲಿ ಇಂಥದ್ದು ಬಹಳವಂತೆ. ಆಫೀಸಿಗೆ ಹೋಗುವವರು, ಅಂಗಡಿಯಲ್ಲಿ ಕೂತವರು, ಅವರ ನಡುವೆ ಆಗಬಾರದ್ದು ಒಂದು ಆಗುತ್ತದೆ, ಮರುದಿನ ಎಲ್ಲರೂ ಕೆಲಸಕ್ಕೆ ಹೋಗುತ್ತಾರೆ. "ನಮ್ಮ ಓದುಗರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟ" ಎಂದರು ವಾರಿಜಮ್ಮ. ಕಷ್ಟ ಎಂತಕ್ಕೆ ಎಂದು ನಾನು ಕಾವೇರಿಯ ಕಾರ್ಡಿನ ವಿಷಯ ಹೇಳಿದೆ. ಹೇಳುವಾಗ ಬಾಯಿ ನಿಲ್ಲಲಿಲ್ಲ. ಬಾಗಿಲವಾಡದ ಮೇಲಿನ ನೀಲಿ ಬೆನ್ನಿನ ಪುಸ್ತಕದ ವಿಷಯವನ್ನೂ ಹೇಳಿಬಿಟ್ಟೆ.

ಮೂವತ್ತನಾಲ್ಕು ವರ್ಷದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದು. ಗೇರೆಣ್ಣೆಯ ಬೊಬ್ಬೆ ಹತ್ತು ದಿನಕ್ಕೆ ಮಾಯಿತು. "ಅವ್ಳ ಹೆಸ್ರ್ ಹಾಕ್ಬೇಡಿ" ಎಂದು ಮಾತ್ರ ಹೇಳಿದೆ. "ಅಚ್ಛಾ, ಹೆಸ್ರು ಹಾಕೂದಿಲ್ಲ" ಎಂದರು. ಮಾತಿಗೆ ತಪ್ಪಲಿಲ್ಲ, ಹೆಸರು ಹಾಕಲಿಲ್ಲ.

ಪುಸ್ತಕ ಅಚ್ಚಾಗಿ ಬಂತು. ನಮಗೆ ಒಂದು ಪ್ರತಿ ಕೊಟ್ಟರು. ನಾನು ಅದನ್ನು ಎಲ್ಲಿ ಇಡಬೇಕೆಂದು ಯೋಚಿಸಿ, ಸತ್ತವರ ವಿಷಯ ಇದೆಯಲ್ಲ ಎಂದು, ಬೊಜ್ಜ, ತಿಥಿ, ಅಪರಕರ್ಮದ ಪುಸ್ತಕಗಳ ಸಾಲಿನಲ್ಲಿ ಇಟ್ಟೆ. ಈಗಲೂ ಅದು ತೀರಾ ತಪ್ಪೆಂದು ನನಗೆ ಅನಿಸುವುದಿಲ್ಲ. ಆದರೆ ಕಾದಂಬರಿಯನ್ನು ಕಾದಂಬರಿಯ ಕಪಾಟಿನಲ್ಲೇ ಇಡಿ. ಯಾರ ಕೈ ಎಲ್ಲಿಗೆ ಹೋಗುತ್ತದೆಂದು ಹೇಳಲಾಗುವುದಿಲ್ಲ.

ಅದೇ ಹೊತ್ತಿಗೆ ಶೈಲಜ ಬಂದಳು, ಕಂಪ್ಯೂಟರೂ ಬಂತು. ಕಾರ್ಡುಗಳನ್ನೆಲ್ಲ ಅದಕ್ಕೆ ಏರಿಸುತ್ತಾ ಗೋವಿಂದನ ಕಾರ್ಡಿಗೆ ಬಂದು ನಿಂತಳು.

"ಗುಲಾಬಕ್ಕ, ಇದ್ ಹನ್ನೊಂದ್ ವರ್ಷದ್. ಇದ್ರಂಗೆ ಮುಂದ್ ಹಾಕುದ್ ಮೂರೇ ಸರ್ತಿ. ಮತ್ತೆ ತಕಂತಿಲ್ಲೆ. ಒಂದಾ ಪುಸ್ತಕ ಬಂತ್ ಅನ್ಕ್, ಇಲ್ದಿರೆ ಕಳ್ದ್ ಹೋಯ್ತ್ ಅನ್ಕ್, ಇಲ್ದಿರೆ ಜನ ಇಲ್ಲೆ ಅನ್ಕ್."

"ಮೂರೂ ಅಲ್ಲ ಅಂದ್ರೆ?"

"ಮೂರೂ ಅಲ್ಲ ಅಂದೇಳಿ ಇದ್ರಂಗೆ ಇಲ್ಲೆ."

ನನಗೂ ಗೊತ್ತಿತ್ತು, ಇದು ಬರೀ ಕಂಪ್ಯೂಟರಿನ ಪ್ರಶ್ನೆ ಅಲ್ಲ ಎಂದು. ಕಾವೇರಿಯ ಮಗಳಿಗೆ ಸಂಬಂಧ ಕೂಡಿ ಬಂದಿತ್ತು. ಒಳ್ಳೆ ಹುಡುಗ, ಎರಡೂ ಮನೆಯವರು ಒಪ್ಪಿದ್ದರು. ಮದುವೆಯ ಕಾಗದದಲ್ಲಿ ಅಪ್ಪನ ಹೆಸರಿನ ಮೊದಲು ಶ್ರೀ ಹಾಕುವುದೋ ದಿವಂಗತ ಹಾಕುವುದೋ ಎಂದು ಗಂಡಿನ ಕಡೆಯವರು ಕೇಳಿದರು. ಕೇಳಿದ್ದು ತಪ್ಪಲ್ಲ. ಗೋವಿಂದನ ಅಣ್ಣ ಶೀನ, ಹೆಣದ ಬದಲು ದರ್ಭೆಯ ಬೊಂಬೆ ಮಾಡಿ ಸುಟ್ಟು ಕ್ರಿಯೆ ಮುಗಿಸೋಣ, ಆಮೇಲೆ ಮದುವೆ ಎಂದ. ಕಾವೇರಿ ಒಪ್ಪಲಿಲ್ಲ. "ಅವ್ರ್ ಪುಸ್ತಕ ತಂದ್ ಕೊಡುಕಿತ್ತ್. ಅದ್ ಬರ್ಲಿ, ಮತ್ತೆ ಕಾಂಬ" ಎಂದಳಂತೆ. ಮಗಳು ಅಳಲಿಲ್ಲ, ಮಾತು ಬಿಟ್ಟಳು. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ಮಾತು ಬಿಟ್ಟು ಎರಡು ತಿಂಗಳು. ಗಂಡಿನ ಕಡೆಯವರು ಇನ್ನೊಂದು ತಿಂಗಳು ಕಾಯುತ್ತೇವೆ ಎಂದರು.

ಇಷ್ಟರಲ್ಲಿ ಶೀನ, ದರ್ಭೆಯ ಕ್ರಿಯೆಗೆ ಏನೇನು ಬೇಕೆಂದು ನೋಡಲು ನಮ್ಮಲ್ಲಿನ ಅಪರಕರ್ಮದ ಪುಸ್ತಕ ತಂದುಕೊಡಲು ಕಾವೇರಿಗೆ ಹೇಳಿದ್ದ. ಅವನಿಗೆ ನಮ್ಮಲ್ಲಿ ಕಾರ್ಡು ಇರಲಿಲ್ಲ. ಎಷ್ಟು ಸಲ ಹೇಳಿದರೂ ಕೇಳದವಳು ಒಂದು ಸೋಮವಾರ, ಅವನ ಬಾಯಿ ಮುಚ್ಚಿಸಲು ಇರಬೇಕು, ಆ ಸಾಲಿಗೆ ಕೈ ಹಾಕಿ ತುದಿಯದ್ದನ್ನು ಎಳೆದುಕೊಂಡು ಬಂದಳು. ನಾನು ಮೊಹರಿಗೆ ಶಾಯಿ ತಟ್ಟುತ್ತಿದ್ದೆ, ಯಾವುದೆಂದು ನೋಡಲಿಲ್ಲ. ಗೋವಿಂದನ ಕಾರ್ಡಿನ ಮೇಲೇ ಅದನ್ನೂ ಬರೆದು ಕೊಟ್ಟೆ. ಅವಳು ಹೋದ ಮೇಲೆ ಸಾಲಿನಲ್ಲಿ ಜಾಗ ಖಾಲಿ ಕಂಡಿತು. ಕೂಗಿ ಕರೆಯಬಹುದಿತ್ತು. ಕರೆಯಲಿಲ್ಲ. ಜಪಾನಿನ ಕತೆ, ಎರಡು ಪುಟ ಓದಿ ಬಿಡುತ್ತಾಳೆ ಎಂದುಕೊಂಡೆ.

ಅವಳು ಹದಿನೈದು ದಿನವೂ ಓದಿದಳು. ಮೀನಿನ ಬುಟ್ಟಿ ಮುಂದಿಟ್ಟುಕೊಂಡು ಹೆಮ್ಮಾಡಿ ಬಸ್ ಸ್ಟ್ಯಾಂಡಿನಲ್ಲಿ ಓದುತ್ತಿದ್ದಳೆಂದು ನೋಡಿದವರು ಹೇಳಿದರು. ಕತೆ ಓದಿ ಮುಗಿಸಿ, ಪುಸ್ತಕದ ಮೊದಲಿಗಿದ್ದ ಇಪ್ಪತ್ತು ಪುಟ ಹಿನ್ನೆಲೆಯನ್ನೂ ಓದಿದಳು. ಅದರಲ್ಲಿ ಇತ್ತು, ನಮ್ಮ ಕರಾವಳಿಯ ಒಂದು ವಾಚನಾಲಯದಲ್ಲಿ ಕಡಲಿನಲ್ಲಿ ಕಾಣೆಯಾದವನೊಬ್ಬನ ಕಾರ್ಡಿಗೆ ಹದಿನೈದು ದಿನಕ್ಕೊಮ್ಮೆ ಮೊಹರು ಬೀಳುತ್ತದೆ, ಪುಸ್ತಕ ಅವನ ಮನೆಯ ಬಾಗಿಲ ಮೇಲೆಯೇ ಇದೆ, ಮೊಹರು ಹಾಕುವವಳಿಗೂ ಅದು ಗೊತ್ತು, ಅವಳಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ ಎಂದು. ಚೆನ್ನಾಗಿಯೇ ಬರೆದಿದ್ದರು.

ಸೋಮವಾರ ಬಂದಳು. ಬುಟ್ಟಿಯನ್ನು ಹೊರಗೆ ಇಡಲಿಲ್ಲ, ಒಳಗೇ ತಂದಳು. ಶೈಲಜ ಮೂಗು ಮುಚ್ಚಿಕೊಂಡಳು.

"ಈ ಟಿಕೇಟಿನ ಹೆಂಗ್ಸ್ ಯಾವ ಊರಿನವ್ಳ್?" ಎಂದು ಕೇಳಿದಳು ಕಾವೇರಿ.

"ಯಾವ ಊರಿನವ್ಳೂ ಅಲ್ಲ. ಕಟ್ಟಿದ್ ಕತಿ. ನಾನ್ ತಪ್ಪ್ ಸಾಲಂಗೆ ಇಟ್ಟದ್ದ್."

"ಬಾಗಿಲ್ ಮೇಲಿನ್ ಪುಸ್ತಕವೂ ಕಟ್ಟಿದ್ ಕತಿಯಾ?"

ನಾನು ಹೊಲಿಯುತ್ತಿದ್ದ ಪುಸ್ತಕಕ್ಕೆ ಇನ್ನೊಂದು ಹೊಲಿಗೆ ಹಾಕಿದೆ.

"ನಿಮ್ಗೆ ಎಷ್ಟ್ ವರ್ಷದಿಂದ ಗೊತ್ತಿತ್ತ್?"

"ಮೂರ್ನೇ ವರ್ಷದಿಂದ. ಒಣಮೀನ್ ತಕಂಬುಕೆ ಬಂದಿದ್ದೆ ಕಾಣ್."

"ಗೊತ್ತಿದ್ದೂ ಮೊಹರ್ ಹಾಕ್ದ್ರಿ."

"ನೀ ಕಾರ್ಡ್ ತಂದಿ. ನಾ ಹಾಕ್ದೆ."

ಅವಳು ಬೈಯುತ್ತಾಳೆಂದು ಕಾದೆ. ಬೈದರೆ ಕೇಳಿಸಿಕೊಳ್ಳುವುದೆಂದು ಸೂಜಿ ದಾರ ಕೆಳಗೆ ಇಟ್ಟೆ. "ಊರಿಗೆಲ್ಲ ಹೇಳಿದ್ದಕ್ಕೆ ನಿಮ್ಮ ಬಾಯಿಗೆ ಗೇರೆಣ್ಣೆ ಹಾಕ್ಕ್" ಎಂದಳು. ಹಾಕಬೇಕಿತ್ತು, ನಿಜ. ಆಮೇಲೆ ಜಪಾನಿನ ಪುಸ್ತಕದ ಕೊನೆಯ ಪುಟ ತೆರೆದು ನೋಡಿ, ಮುಚ್ಚಿ ನನ್ನ ಮುಂದೆ ಇಟ್ಟಳು.

"ಈ ಹೆಂಗ್ಸ್ ಗಂಡ ಬಂದ್ ನಿಂತದ್ದೇ ಹರ್ದ್ ಕೊಟ್ಳ್. ಒಂದ್ ಮಾತ್ ಆಡ್ಲಿಲ್ಲೆ. ನಾನ್ ಹನ್ನೊಂದ್ ವರ್ಷ ಆಯ್ತ್, ಅವ್ರನ್ನ ಸಾಲಂಗೇ ನಿಲ್ಸಿದ್ದೆ."

ಬುಟ್ಟಿಯ ಬಾಳೆಲೆ ಸರಿಸಿದಳು. ಮೀನು ಇರಲಿಲ್ಲ. ಅಡಿಯಲ್ಲಿ ಪ್ಲಾಸ್ಟಿಕ್ಕು, ಅದರೊಳಗೆ ನೀಲಿ ಬೆನ್ನು. ಮೇಜಿನ ಮೇಲೆ ಇಟ್ಟಳು. ಹದಿನಾರು ಪುಟ ಆಗಲೇ ಇರಲಿಲ್ಲ, ಉಳಿದ ಪುಟಗಳನ್ನು ಎಣಿಸಿದೆ, ಸರಿಯಿದ್ದವು. ನಡುವೆ ಒಂದು ಕಡೆ ಬೀಡಿಯ ಕಟ್ಟಿನ ಕಾಗದ ಮಡಚಿ ಗುರುತು ಇಟ್ಟಿತ್ತು. ಅದನ್ನು ತೆಗೆದು ಅವಳಿಗೆ ಕೊಟ್ಟೆ. ನಿಯಮದ ಪ್ರಕಾರ ಪುಸ್ತಕದಲ್ಲಿ ಸಿಕ್ಕಿದ್ದು ಓದಿದವರದು.

ರಿಜಿಸ್ಟರಿನಲ್ಲಿ ತಂದವರು ಎಂದು ಒಂದು ಕಾಲಂ ಇದೆ. ತೆಗೆದುಕೊಂಡವರೇ ತರುವುದರಿಂದ ಅಲ್ಲಿ ನಾವು ಬರೀ ಎರಡು ಗೀಟು ಹಾಕುತ್ತಿದ್ದೆವು. ಆವತ್ತು ಗೀಟು ಹಾಕಲಿಲ್ಲ. ಕಾವೇರಿ ಎಂದು ಬರೆದೆ. ಮೂರು ಅಕ್ಷರಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅವಳು ನಿಂತು ನೋಡಿದಳು. ಶೈಲಜ ಕಂಪ್ಯೂಟರಿನಲ್ಲಿ ಪುಸ್ತಕ ಬಂತು ಎಂದು ಒತ್ತಿದಳು. ಅದು ತಕರಾರು ಮಾಡದೆ ತೆಗೆದುಕೊಂಡಿತು.

ಆ ವಾರ ದರ್ಭೆಯ ಬೊಂಬೆ ಸುಟ್ಟರು. ಕ್ರಿಯೆ ಮುಗಿದ ಮೇಲೆ ಎಲೆ ಬಡಿಸಿ ಬಾಗಿಲು ಎಳೆದರು. ನಾನೂ ಹೊರಗೆ ಕೂತಿದ್ದೆ. ಬಾಗಿಲು ತೆಗೆಯುವ ಮೊದಲು ಕೆಮ್ಮಿದ್ದು ಮಗಳು. ಮದುವೆಯ ಕಾಗದ ನಮ್ಮ ಮನೆಗೂ ಬಂತು. ಓದಿದೆ, ಎಲ್ಲ ಸರಿಯಾಗಿ ಹಾಕಿದ್ದರು.

ಬೊಂಬೆ ಸುಟ್ಟ ಮೇಲೆ ಅವಳ ಸರದಿಯ ಸೋಮವಾರ ಬಂತು. ಮೊಹರು ತೆಗೆದಿಟ್ಟು ಕೂತಿದ್ದೆ, ಅಭ್ಯಾಸ. ಕಾವೇರಿ ಬಂದಳು. ಬುಟ್ಟಿ ಹೊರಗೆ ಇಟ್ಟಿದ್ದಳು. ಕೈಯಲ್ಲಿ ಬಳೆ ಇತ್ತೋ ಇಲ್ಲವೋ ನಾನು ನೋಡಲಿಲ್ಲ, ಅದು ನನ್ನ ಕೆಲಸವಲ್ಲ. ಮೊಹರು ಹಾಕಲು ಏನೂ ಇರಲಿಲ್ಲ. ಅವಳಿಗೂ ಅದು ಆಗ ನೆನಪಾದ ಹಾಗೆ ಸ್ವಲ್ಪ ಹೊತ್ತು ಮೇಜಿನ ಎದುರು ನಿಂತಳು. ಆಮೇಲೆ ಕಪಾಟಿನ ಬುಡದಲ್ಲಿ ಕೂತು, ನೀಲಿ ಬೆನ್ನಿನದ್ದು ಒಂದನ್ನು ಎಳೆದು ತಂದಳು. ಬೇರೆ ಪುಸ್ತಕ, ಮೊದಲಿನ ಹದಿನಾರು ಪುಟವೂ ಇದ್ದದ್ದು.

"ಕಾರ್ಡ್?" ಎಂದೆ.

"ನನ್ನ್ ಹೆಸ್ರಂಗೆ ಮಾಡಿ."

ಮಾಡಿದೆ. ಹೊಸ ಸದಸ್ಯರಿಗೆ ನಿಯಮ ಓದಿ ಹೇಳಬೇಕು, ಅದೂ ನಿಯಮ. "ತಕಂಡವ್ರೇ ತಂದ್ ಕೊಡ್ಕ್" ಎಂದೆ.

"ನಾನೇ ತತ್ತೆ" ಎಂದಳು ಕಾವೇರಿ. ಮೊಹರು ಹಾಕಿದೆ.